ದಾಲ್ಲೆಗೆ ಬರೆದ ಮುಖ

ಮಾರ್ಚ್ 6, ಸೋಮವಾರ

ಕಂಪನಿ ಕೊಟ್ಟ ಮಾತು: ಕಾರ್ಖಾನೆಯ ಮೂರನೇ ಲೈನಿಗೆ ಕೆಟ್ಟ ಗಾಳಿ ಹೊರಗೆಳೆವ ಯಂತ್ರ. ನಮ್ಮ ಲೈನಿನ ಹುಡುಗಿ ದಾಲ್ಲೆಯ ಸಾವಿನ ತನಿಖೆಗೆ ಹೊರಗಿನ ಡಾಕ್ಟರು. ಗೇಟಿನ ಮುಂದೆ ನಿಂತು ಅವಳ ತಾಯಿಯ ಬಳಿ ಕ್ಷಮೆ.

ಸಿಕ್ಕಿದ್ದು: ಯಂತ್ರ ಇಲ್ಲ. ಡಾಕ್ಟರ್ ಬಂದ, ಕಂಪನಿಯ ಕಾರಿನಲ್ಲೇ. ಕ್ಷಮೆ ಇಲ್ಲ. ಅದರ ಬದಲು ಒಂದು ಸಾಲು — ‘ಕೆಲಸದಲ್ಲಿದ್ದಷ್ಟು ಕಾಲ ಹುಡುಗಿ ಆರೋಗ್ಯವಾಗಿದ್ದಳು, ರಕ್ತದ ಕಾಯಿಲೆ ಕೆಲಸ ಬಿಟ್ಟ ಮೇಲೆ ಬಂದದ್ದು.’

ಪ್ರಕಾಶಕರು ಕೊಟ್ಟ ಮಾತು: ಧರಣಿ ಡೇರೆಯ ಹೆಂಗಸರು ಬರೆದದ್ದನ್ನು ಒಂದಕ್ಷರ ತಿದ್ದದೆ ಪುಸ್ತಕ ಮಾಡುತ್ತೇವೆ.

ಇವತ್ತು ಅವರ ಸಂಪಾದಕ ಮಾ ಜುನ್ಸೊಪ್ ಡೇರೆಗೇ ಬಂದ. ಶೂ ಬಿಚ್ಚಿ ಚಾಪೆಯ ಮೇಲೆ ಕೂತ. ಕೈಯಲ್ಲಿ ನಾನು ಬರೆದ ದಾಲ್ಲೆಯ ಅಧ್ಯಾಯ.

"ಅಕ್ಕಾ, ಇದರಲ್ಲಿ ಮುಖಾನೇ ಇಲ್ವಲ್ಲ?"

"ಇದೆಯಲ್ಲ. ಕಣ್ಣು. ಹುಬ್ಬು. ಹಣೆ ಮೇಲೆ ಟೋಪಿಯ ಎಲಾಸ್ಟಿಕ್ ಒತ್ತಿದ ಗೆರೆ."

"ಮೂಗು? ಬಾಯಿ? ಗದ್ದ?"

"ನೋಡಿಲ್ಲ."

ನಕ್ಕ. ತಮಾಷೆ ಅಂದುಕೊಂಡ.

ತಮಾಷೆ ಅಲ್ಲ. ಕೊರೊನಾ ಸೋಂಕಿನ ಕಾಲದಲ್ಲಿ ಕೆಲಸಕ್ಕೆ ಸೇರಿದವಳು ದಾಲ್ಲೆ. ಲೈನಿನಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಕಣ್ಣಷ್ಟೇ ಹೊರಗೆ. ಬಸ್ಸಿನಲ್ಲಿ ಮಾಸ್ಕ್. ಕ್ಯಾಂಟೀನಿನಲ್ಲಿ ಎಲ್ಲರೂ ಗೋಡೆಗೆ ಮುಖ ಮಾಡಿ ಉಣ್ಣಬೇಕು, ಇಬ್ಬರ ನಡುವೆ ಹಲಗೆ. ಎರಡು ವರ್ಷ ಅವಳ ಮೊಣಕೈಗೆ ಮೊಣಕೈ ತಾಗಿಸಿ ನಿಂತೆ. ಕಣ್ಣಿನ ಕೆಳಗಿನ ಚರ್ಮ ಮಡಚಿಕೊಂಡರೆ ನಗುತ್ತಿದ್ದಾಳೆ ಎಂದು ಲೆಕ್ಕ. ನಮ್ಮಿಂದ ಆ ಮುಖವನ್ನೂ ಕಿತ್ತುಕೊಂಡವರು ಕಂಪನಿಯವರು. ಈಗ ಪ್ರಕಾಶಕರು ಮುಖ ತಾ ಎನ್ನುತ್ತಾರೆ.

"ಮುಖ ಕಾಣದ ಹುಡುಗಿಗೆ ಓದುಗರು ಅಳಲ್ಲ, ಅಕ್ಕಾ," ಎಂದು ಹೇಳಿ ಹೋದ.

ಮಾರ್ಚ್ 9, ಗುರುವಾರ

ಡೇರೆಯಲ್ಲಿ ಎಲ್ಲರನ್ನೂ ಕೇಳಿದೆ. ಮೂಗು ಚಪ್ಪಟೆ ಅಂದಳು ಒಬ್ಬಳು. ಮಾಸ್ಕ್ ಎತ್ತರಕ್ಕಿತ್ತು, ಮೂಗು ಉದ್ದವೇ ಅಂದಳು ಇನ್ನೊಬ್ಬಳು. ನಮ್ಮಲ್ಲಿ ಹಿರಿಯಳು ಮಾಲ್ಸುನ್, ಪ್ಯಾಕಿಂಗಿನವಳು. ಒಲೆಯ ಮೇಲೆ ರಾಮ್ಯನ್ ಶಾವಿಗೆ ಕುದಿಸುತ್ತಾ ಅಂದಳು —

"ನನ್ನ ಗಂಡನ ಮುಖ ಮೂವತ್ತು ವರ್ಷ ನೋಡಿದೀನಿ. ಬರಿ ಅಂದ್ರೆ ‘ಮೂಗಿದೆ’ ಅಂತ ಬರೆದು ಪೆನ್ನು ಕೆಳಗಿಡ್ತೀನಿ. ನೀನು ಆ ಮಗು ಮುಖ ಹುಡುಕ್ತಿದೀಯಲ್ಲೇ, ಗ್ಯೊಂಗ್‌ಸುಕ್!"

ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಕೂತು ಬರೆದೆ. ಮೊಟ್ಟೆಯಂಥ ಮುಖ. ಚೆರ್ರಿಯಂಥ ತುಟಿ. ಹಿಮದಂಥ ಚರ್ಮ... ಇದು ಮುಖವೇ? ದಿನಸಿ ಅಂಗಡಿ. ಹೊಡೆದು ಹಾಕಿದೆ.

ಮಾರ್ಚ್ 14, ಮಂಗಳವಾರ

ಡೇರೆಯ ಬಾಗಿಲಲ್ಲಿ ಕಪ್ಪು ಪಟ್ಟಿ ಕಟ್ಟಿದ ದಾಲ್ಲೆಯ ಫೋಟೋ ಇದೆ. ಕೆಲಸದ ಅರ್ಜಿಗೆಂದು ತೆಗೆಸಿದ್ದು. ಅರ್ಜಿಯ ಫೋಟೋವನ್ನು ಯಾವ ಸ್ಟುಡಿಯೋದವನೂ ತಿದ್ದದೆ ಕೊಡುವುದಿಲ್ಲ — ದವಡೆ ಸವರಿ, ಕಣ್ಣು ದೊಡ್ಡದಾಗಿ ಕಾಣಲು ರೆಪ್ಪೆಗೆ ಮಡಿಕೆ ಹಾಕಿ, ಚರ್ಮ ಒರೆಸಿ. ಇದ್ದ ಮುಖಕ್ಕೆ ಕೆಲಸ ಎಲ್ಲಿ ಸಿಗುತ್ತದೆ? ಅದೇ ಫೋಟೋ ಶವಸಂಸ್ಕಾರಕ್ಕೂ ಬಂತು. ಶಿಫ್ಟ್ ಬಿಟ್ಟಾಗ ಅವಳ ಲೈನಿನವರೇ ನಿಂತು "ಇದ್ಯಾರು?" ಅನ್ನುತ್ತಾರೆ.

ಅವಳ ತಾಯಿಯನ್ನು ಪಕ್ಕಕ್ಕೆ ಕರೆದೆ. ಬೇರೆ ಫೋಟೋ ಇದೆಯಾ ಕೇಳಿದೆ. ಮಗಳ ಮೊಬೈಲ್ ತೆರೆದು ತೋರಿಸಿದರು. ನೂರಾರು ಇವೆ. ಎಲ್ಲವೂ ಆ್ಯಪಿನಲ್ಲಿ ಬೆಳ್ಳಗೆ ಮಾಡಿದವು. ಕೆಲವಕ್ಕೆ ಬೆಕ್ಕಿನ ಕಿವಿ.

"ನೀವು ಹೇಳಿ. ಬಾಯಿ ಹೇಗಿತ್ತು?"

ಮೊಬೈಲನ್ನು ಮಡಿಲಲ್ಲಿ ಮಗುಚಿಟ್ಟರು. ಆಮೇಲೆ ಹೇಳಿದ್ದು — ಕೆಲಸಕ್ಕೆ ಸೇರಿದ ಮರು ವರ್ಷವೇ ಬಾಯಿಯ ಸುತ್ತ ಹುಣ್ಣು. ತುಟಿಯ ಅಂಚು ಒಡೆದು ರಕ್ತ. ಅಂಗಡಿಯ ಮುಲಾಮು ಹಚ್ಚಿ, ಮೇಲೆ ಮಾಸ್ಕ್ ಹಾಕಿ, ಕೆಲಸಕ್ಕೆ. ಒಂದು ದಿನವೂ ರಜೆ ಕೇಳಲಿಲ್ಲ.

ಕೆಲಸದಲ್ಲಿದ್ದಾಗಲೇ! ಲೈನಿನಲ್ಲಿ ನಿಂತಿದ್ದಾಗಲೇ ಕಾಯಿಲೆ ಮುಖದ ಮೇಲಿತ್ತು. ಕಂಪನಿಯ ಸುಳ್ಳು ಒಡೆಯಲು ಬೇಕಾದ್ದು ಇದೇ.

"ಅಮ್ಮಾ, ಇದನ್ನ ಬರೀತೀನಿ. ಅವರ ಬಾಯಿ ಮುಚ್ಚಿಸ್ತೀನಿ."

"ಬೇಡ."

"ಬರೆಯದೆ ಹೇಗಮ್ಮಾ—"

"ಬದುಕಿರೋವಾಗ ಕನ್ನಡಿಗೆ ಬಟ್ಟೆ ಹೊದಿಸಿದ್ಲು ನನ್ನ ಮಗು. ನಾನೂ ನೋಡಬಾರದು ಅಂತ ಗೋಡೆ ಕಡೆ ತಿರುಗಿ ಉಣ್ತಿದ್ಲು. ಸತ್ತ ಮೇಲೆ ಊರಿಗೆಲ್ಲಾ ಆ ಮುಖ ತೋರಿಸ್ತೀಯಾ? ಚೆಂದ ಬರಿ. ಅಷ್ಟು ಮಾಡು, ಸಾಕು."

ಮಾರ್ಚ್ 27, ಸೋಮವಾರ

ಹದಿಮೂರು ದಿನ ಈ ಪುಟ ಮುಟ್ಟಲಿಲ್ಲ. ಡೇರೆಯಲ್ಲಿ ಜಗಳ.

"ಹುಣ್ಣು ಬರೀಲೇಬೇಕು. ಹೋರಾಟ ಅಂದ್ರೆ ಮದುವೆ ಫೋಟೋನಾ?" ಎಂದೆ.

"ಅವಳನ್ನ ಹೆತ್ತವಳು ನೀನಲ್ಲ," ಎಂದಳು ಮಾಲ್ಸುನ್. "ಹುಣ್ಣಿಗೆ ಸಾಕ್ಷಿ ಆಸ್ಪತ್ರೇಲಿ ಹುಡುಕು. ಆ ಹೆಂಗಸಿನ ಹೊಟ್ಟೆ ಕೊಯ್ದು ತೆಗೀಬೇಡ."

ಕೈ ಎತ್ತಿಸಿದರು. ತಾಯಿಯ ಕಡೆಗೆ ಎಲ್ಲರೂ. ಕೊನೆಗೆ ನಾನೂ.

ಬರೆದೆ. ‘ಒಂದು ಕಲೆಯೂ ಇಲ್ಲದ ಹಿಮದಂಥ ಚರ್ಮ. ಕೊನೆಯ ಶಿಫ್ಟಿನವರೆಗೂ ಚೆರ್ರಿಯಂತೆ ಕೆಂಪಾಗಿ ಅರಳಿದ್ದ ತುಟಿ.’ ತಾಯಿ ಓದಿದರು. ಬೆರಳಿನಿಂದ ಸಾಲನ್ನು ಸವರಿದರು. ಬೆಂದ ಗೆಣಸು ಸುಲಿದು ನನ್ನ ಕೈಗಿಟ್ಟರು.

ಮಾ ಜುನ್ಸೊಪ್ ಫೋನಿನಲ್ಲಿ: "ಈಗ ನೋಡಿ ಅಕ್ಕಾ, ಹುಡುಗಿ ಎದ್ದು ಬಂದ್ಲು!" ಪುಸ್ತಕಕ್ಕೆ ಮೊದಲು ಆ ಅಧ್ಯಾಯವನ್ನು ಅವರ ವೆಬ್‌ಸೈಟಿಗೆ ಹಾಕಿದ. ಓದಿದವರೆಲ್ಲ ಅತ್ತರಂತೆ.

ಏಪ್ರಿಲ್ 20, ಗುರುವಾರ, ಸಂಜೆ

ದಾಲ್ಲೆಯ ಸಾವಿಗೆ ಪರಿಹಾರ ನಿರ್ಧರಿಸುವ ಸಮಿತಿಯ ವಿಚಾರಣೆ ಇತ್ತು.

ಕಂಪನಿಯ ವಕೀಲ ಎದ್ದ. ಕೈಯಲ್ಲಿ ನನ್ನ ಪುಟ. ಚೆನ್ನಾಗಿ ಓದಿದ, ರೇಡಿಯೋದವರ ಹಾಗೆ. ‘ಒಂದು ಕಲೆಯೂ ಇಲ್ಲದ...’ ‘ಕೊನೆಯ ಶಿಫ್ಟಿನವರೆಗೂ...’

"ಬರೆದದ್ದು ನಾವಲ್ಲ. ಪಕ್ಕದಲ್ಲೇ ನಿಂತು ಎರಡು ವರ್ಷ ದುಡಿದ ತಾಕ್ ಗ್ಯೊಂಗ್‌ಸುಕ್ ಅವರು. ಧರಣಿಯವರ ಸ್ವಂತ ಬರಹ. ಆರೋಗ್ಯವಂತ ಹುಡುಗಿ. ನಾವೂ ಇದನ್ನೇ ಹೇಳ್ತಾ ಬಂದಿರೋದು."

ಕಿವಿ ಕಾದ ಕಬ್ಬಿಣ. ಎದ್ದು ಕೂಗಿದೆ — ಅದು ಕಥೆ, ನಾನು ಆ ಮುಖ ನೋಡಿಯೇ ಇಲ್ಲ!

"ನೋಡದೇ ಬರೆದ್ರಾ?" ಎಂದರು ಅಧ್ಯಕ್ಷರು. ಯಾರೋ ನಕ್ಕರು.

ಆಗ ತಾಯಿ ಎದ್ದರು. ಯಾವ ಮಾತನ್ನು ಮುಚ್ಚಿಡು ಎಂದು ಬೇಡಿದ್ದರೋ ಅದನ್ನೇ ಅಪರಿಚಿತ ಗಂಡಸರ ಮುಂದೆ ಬಿಚ್ಚಿದರು. ಹುಣ್ಣು. ಕೀವು. ಒಡೆದ ತುಟಿ. ಕನ್ನಡಿಗೆ ಹೊದಿಸಿದ ಬಟ್ಟೆ. ಸ್ವರ ಎಲ್ಲೂ ಏರಲಿಲ್ಲ.

"ತಾಯಿ ಪರಿಹಾರ ಕೇಳ್ತಿರೋರು," ಎಂದ ವಕೀಲ. "ಅವರು ಸಾಕ್ಷಿ ಆಗೋಕಾಗಲ್ಲ. ಫೋಟೋ ಒಂದು ಹೇಳುತ್ತೆ, ಬರಹ ಅದನ್ನೇ ಹೇಳುತ್ತೆ, ಇವತ್ತು ಇವರು ಬೇರೇನೇ ಹೇಳ್ತಾರೆ."

ತಾಯಿ ನನ್ನ ಕಡೆ ತಿರುಗಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 22, ಶನಿವಾರ

ತಾಯಿ ಡೇರೆಗೆ ಬಂದರು. ಕೂರಲಿಲ್ಲ. ಬಾಗಿಲಲ್ಲಿದ್ದ ಫೋಟೋ ಇಳಿಸಿ, ತಲೆವಸ್ತ್ರದಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೋದರು. ಮಾಲ್ಸುನ್ ಬಸ್ ನಿಲ್ದಾಣದವರೆಗೆ ಹಿಂದೆಯೇ ನಡೆದಳು. ಬಸ್ ಹೊರಟ ಮೇಲೆ ಒಬ್ಬಳೇ ಬಂದಳು.

ವೆಬ್‌ಸೈಟಿನಿಂದ ಆ ಅಧ್ಯಾಯ ತೆಗೆಸು ಎಂದು ಮಾ ಜುನ್ಸೊಪ್‌ಗೆ ಹೇಳಿದೆ. "ತೆಗೆದ್ರೂ ಸಮಿತಿ ಕಡತದಲ್ಲಿ ಇರುತ್ತಲ್ಲ ಅಕ್ಕಾ," ಎಂದ. ನಿಜ.

ಹುಣ್ಣಿಗೆ ಆಸ್ಪತ್ರೆಯಲ್ಲಿ ಒಂದು ಚೀಟಿಯೂ ಸಿಕ್ಕಿಲ್ಲ. ಸಮಿತಿಯಿಂದ ಕರೆ ಬಂತು. ಇನ್ನೊಂದೇ ಅವಕಾಶ. ಕೆಲಸದಲ್ಲಿದ್ದ ಕಾಲದಲ್ಲಿ ಮಾಸ್ಕ್ ಇಲ್ಲದ ದಾಲ್ಲೆಯನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಬೇಕಂತೆ, ತಾಯಿಯನ್ನು ಬಿಟ್ಟು. ಬಿಳಿ ಸೂಟಿನ ಒಬ್ಬೊಬ್ಬರನ್ನೂ ನೆನೆಯುತ್ತಾ ಕೂತಿದ್ದೇನೆ. ಬರೀ ಕಣ್ಣುಗಳು.

ಮುಂದಿನ ವಿಚಾರಣೆ ಮೇ 11, ಗುರುವಾರ, ಬೆಳಿಗ್ಗೆ ಹತ್ತೂವರೆಗೆ.