ಪ್ರಾರ್ಥನೆಯ ಹೊತ್ತಲ್ಲಿ ಹೊರಗಿದ್ದವಳು

೧೪ ನವೆಂಬರ್, ಗುರುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಪತ್ರಗಳೂ ಕೈ ಸೇರಿವೆ. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತರೆ ‘ನಾವೆಲ್ಲ ಕ್ಷೇಮ’ ಎಂಬಲ್ಲೇ ಪೆನ್ನು ನಿಂತುಬಿಡುತ್ತಿತ್ತು. ಭಾವನ ಮಂಡಿನೋವು ಹೇಗಿದೆ?

ಕನ್ನಡಕದ ಅಂಗಡಿಯ ಕೆಲಸಕ್ಕೆ ಮರಳಿದ್ದೇನೆ. ಫ್ರೇಮು ಬಗ್ಗಿಸುತ್ತೇನೆ, ಗಾಜು ಒರೆಸುತ್ತೇನೆ, ‘ಈಗ ಸರಿಯಾಗಿ ಕಾಣ್ತಿದೆಯಾ?’ ಎಂದು ಕೇಳುತ್ತೇನೆ. ಹನ್ನೊಂದು ದಿನ ಬದುಕಿದ್ದ ಮಗು ಹೋಗಿ ಒಂದೂವರೆ ತಿಂಗಳಾಯಿತು. ಅಳು ಬರುವುದಿಲ್ಲ ಅಕ್ಕ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿದ್ದೇನೆ.

ಮೊನ್ನೆ ಬಟಾಣಿಯ ಶಾಲೆಯಿಂದ ಫೋನ್ ಬಂತು. ನಮ್ಮ ಮಾತಿನಮಲ್ಲಿ ಮಗಳು ಕ್ಲಾಸಿನಲ್ಲಿ ತುಟಿಪಿಟಕ್ಕೆನ್ನುತ್ತಿಲ್ಲವಂತೆ. ನಾನೂ ಇವರೂ ಹೋದೆವು.

ನಿನಗೆ ಗೊತ್ತಲ್ಲ, ನನ್ನ ಧರ್ಮ ಒಂದು, ಇವರದು ಇನ್ನೊಂದು. ಅವಳು ಹುಟ್ಟಿದಾಗ ಎರಡೂ ಕಡೆಯ ಹಿರಿಯರು ತೊಟ್ಟಿಲನ್ನು ಎಳೆದಾಡಿದ್ದು ನೋಡಿ ಸಾಕಾಗಿತ್ತು. ಶಾಲೆಗೆ ಸೇರಿಸುವಾಗ, ಮಗುವನ್ನು ಯಾವ ಪ್ರಾರ್ಥನೆಗೂ ಕೂರಿಸಬೇಡಿ ಎಂದು ಬರೆದು ಸಹಿ ಹಾಕಿಕೊಟ್ಟೆವು. ಆ ಹೊತ್ತಲ್ಲಿ ಅವಳು ಹೊರಗಿನ ಬೆಂಚಿನ ಮೇಲೆ ಚಿತ್ರ ಬಿಡಿಸುತ್ತಾಳೆ.

ಟೀಚರ್ ತಲೆ ಎತ್ತದೆ ಹೇಳಿದರು: “ಮಗು ಆಸ್ಪತ್ರೇಲಿದ್ದಾಗ ಕ್ಲಾಸಿನೋರೆಲ್ಲ ದಿನಾ ಅದಕ್ಕೋಸ್ಕರ ಪ್ರಾರ್ಥನೆ ಮಾಡ್ತಿದ್ವಿ. ನಾನೂ ಒಳಗೆ ಬರ್ತೀನಿ ಅಂತ ಇವಳು ಅತ್ತಳು. ನಿಮ್ಮ ಪತ್ರ ಇತ್ತಲ್ಲ ಮೇಡಂ... ಹೊರಗೇ ಕೂರಿಸಿದೆ.”

ಮೂವತ್ತು ಮಕ್ಕಳು ಒಳಗೆ ಅವಳ ತಮ್ಮನಿಗಾಗಿ ಕೈಮುಗಿದಿದ್ದರು. ಅವಳೊಬ್ಬಳು ಹೊರಗೆ.

“ನಮ್ಮನ್ನ ಒಂದು ಮಾತು ಕೇಳ್ಬಾರದಾಗಿತ್ತಾ?” ಎಂದು ಇವರು ದನಿ ಏರಿಸಿದರು.

“ಆಗ ನಿಮ್ಮನ್ನ ಹೇಗೆ ಕೇಳೋದು?” ಎಂದರು ಹೆಡ್‌ಮಿಸ್. “ಶಾಲೇಲಿ ಬೇಡ ಅಂದ್ರಿ, ಒಪ್ಪಿದ್ವಿ. ಮನೇಲಿ ಏನು ಹೇಳ್ಕೊಟ್ಟಿದ್ದೀರಿ?”

“ದೊಡ್ಡವಳಾದ್ಮೇಲೆ ಅವಳೇ ಆರಿಸ್ಕೊಳ್ಳಲಿ ಅಂತ...” ಎಂದರು ಇವರು.

ನಾನು ಹೆಡ್‌ಮಿಸ್ಸಿನ ಕನ್ನಡಕ ನೋಡುತ್ತಿದ್ದೆ. ಬಲಗಡೆಯ ಸ್ಕ್ರೂ ಸಡಿಲವಾಗಿತ್ತು. ಕೈಚಾಚಿದೆ, ಅವರು ತೆಗೆದುಕೊಟ್ಟರು. ಬ್ಯಾಗಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ಬಿಗಿಮಾಡಿ ಹಿಂದಿರುಗಿಸಿದೆ. ಆಮೇಲೆ, ಆ ಪತ್ರ ವಾಪಸ್ ತೆಗೆದುಕೊಳ್ಳುತ್ತೇವೆ ಎಂದೆ.

ಮನೆಗೆ ಬಂದು, “ನಾಳೆಯಿಂದ ನೀನೂ ಒಳಗೆ ಕೂತ್ಕೋಬಹುದು ಕಣೇ” ಎಂದರೆ, “ಈಗ್ಯಾಕೆ?” ಎಂದಳು ಬಟಾಣಿ. ಶೂ ಬಿಚ್ಚಿ ಸಾಲಾಗಿಟ್ಟು ಒಳಗೆ ಹೋದಳು.

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಹರಕೆ ನಮ್ಮ ಮೇಲಿರಲಿ. ಯಾವ ದೇವರ ಹೆಸರಲ್ಲಾದರೂ ಸರಿ.

ನಿನ್ನ ತಂಗಿ

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಬೆಳಿಗ್ಗೆ ಜಡೆ ಹಾಕುವಾಗ ಕೇಳಿದಳು: “ಅಮ್ಮಾ, ನಾನೂ ಒಳಗಿದ್ದಿದ್ರೆ ತಮ್ಮ ಉಳೀತಿದ್ನಾ?” “ಇಲ್ಲ ಕಂದಾ” ಎಂದೆ. “ನಿಂಗೆ ಹೇಗೆ ಗೊತ್ತು?” ಎಂದಳು. ನನಗೆ ಗೊತ್ತಿರಲಿಲ್ಲ ಅಕ್ಕ. ಇನ್ನೊಂದು ಜಡೆಯನ್ನೂ ಹೆಣೆದು ರಿಬ್ಬನ್ ಕಟ್ಟಿದೆ.