ಚೌಕದ ಗುಣಾಕಾರ

ಮಾರ್ಚ್ 11, ಮಂಗಳವಾರ
ಮತ್ತೆ ಗುಣಾಕಾರ. ಹಾಲಿಡೇ ಪಾರ್ಕಿನ ಕೆಲಸದಲ್ಲಿ ಹದಿನಾಲ್ಕು ಹಾಸಿಗೆಗಳ ಹೊದಿಕೆ ಬದಲಿಸಿ ಬಂದೆ. ಸೊಂಟ ಬಿದ್ದುಹೋಗಿದೆ. ತಂಗಿ ಫೀನಾ ಆಗಲೇ ಟೀ ಕಪ್ ಸರಿಸಿ ಪುಸ್ತಕ ಹರಡಿಕೊಂಡು ಕೂತಿದ್ದಳು.

ಮೇ ತಿಂಗಳಲ್ಲಿ ಅವಳ ಆರನೇ ಕ್ಲಾಸಿನ ಪರೀಕ್ಷೆ. ಏಳನೇ ಕ್ಲಾಸಿಗೆ ದೊಡ್ಡ ಶಾಲೆಯ ಸೀಟು ಆಗಲೇ ಬಂದಿದೆ. ಪತ್ರ ಡ್ರಾಯರಿನಲ್ಲೇ ಇದೆ. ಅಪ್ಪ ಒಪ್ಪಿಲ್ಲ. ನಮ್ಮ ಟ್ರೇಲರ್ ಮನೆಗಳ ಸಾಲಿನಲ್ಲಿ ಹುಡುಗಿಯರು ಹನ್ನೊಂದು ವರ್ಷಕ್ಕೆ ಶಾಲೆ ಬಿಡುತ್ತಾರೆ. ನಾನೂ ಬಿಟ್ಟೆ.

"ಲೆಕ್ಕದಲ್ಲಿ ನೂರು ತರ್ಲಿ, ಆಮೇಲೆ ನೋಡೋಣ," ಅಂದಿದ್ದಾರೆ ಅಪ್ಪ. ಈ ಪರೀಕ್ಷೆಯ ಅಂಕ ನೂರಿಪ್ಪತ್ತರವರೆಗೆ; ನೂರು ಬಂದರೆ ಪಾಸು.

ನಾನು ಕಲಿತ ಹಾಗೆ ಕಲಿಸುತ್ತಿದ್ದೇನೆ. ಚೌಕ ಬರೆದು, 247ನ್ನು ಇನ್ನೂರು, ನಲವತ್ತು, ಏಳು ಅಂತ ಒಡೆದು, ಒಂದೊಂದು ಮನೆಗೆ ಒಂದೊಂದು ಗುಣಾಕಾರ. ಕೊನೆಗೆ ಎಲ್ಲ ಕೂಡುವುದು. ಶಾಲೆಯಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದದ್ದು ಇದೊಂದೇ.

"ನಿಂದೇ ಸುಲಭ ಅಕ್ಕಾ. ಮಿಸ್‌ದು ತಲೆನೋವು."

ಖುಷಿಯಾಯಿತು. ಟೀಚರಿಗಿಂತ ನಾನೇ ಮೇಲು ಅಂತ ಖುಷಿಪಡಬಾರದಿತ್ತು.

ಏಪ್ರಿಲ್ 3
ಅಭ್ಯಾಸ ಪರೀಕ್ಷೆ ವಾಪಸ್ ಬಂತು. ದೊಡ್ಡ ಗುಣಾಕಾರ ಎರಡು. ಎರಡರಲ್ಲೂ ಕೊನೆಗೆ ಕೂಡುವಾಗ ಸಣ್ಣ ತಪ್ಪು. ಎರಡಕ್ಕೂ ಸೊನ್ನೆ. ಪಕ್ಕದಲ್ಲಿ ಹಸಿರು ಶಾಯಿ: 'ಚೌಕ ಬೇಡ.'
ಯಾಕೆ ಬೇಡ? ಕೇಳಬೇಕು. ಯಾರನ್ನು… ಹೇಗೆ…

ಏಪ್ರಿಲ್ 4
ಶಾಲೆಯ ಗೇಟಿನ ಹತ್ತಿರ ಹತ್ತು ನಿಮಿಷ ನಿಂತೆ. ಟೀಚರ್ ಮಿಸೆಸ್ ಆ್ಯಬ್ಲೆಟ್ ಅವರೇ ಬಂದರು.

"ನಿನ್ನ ಕಾಲದಲ್ಲಿ ಚೌಕ ನಡೀತಿತ್ತು ಕೆಜಾಯ. ಈಗ ಒಂದರ ಕೆಳಗೊಂದು ಸಾಲಲ್ಲೇ ಬರೀಬೇಕು. ಆಗ ಉತ್ತರ ತಪ್ಪಿದ್ರೂ ಕ್ರಮಕ್ಕೆ ಒಂದು ಅಂಕ. ಚೌಕಕ್ಕೆ ಅದಿಲ್ಲ. ಬಾ, ಒಳಗೆ ಕೂತ್ಕೋ."

ಮಕ್ಕಳ ಕುರ್ಚಿ. ಮೊಣಕಾಲು ಗಲ್ಲಕ್ಕೆ ಬಂತು.

"ಮಿಸ್, ಇವ್ರೂ ಫೇಲಾ?" ಮುಂದಿನ ಬೆಂಚಿನ ಹುಡುಗಿ. ಎಲ್ಲ ನಕ್ಕರು. ಫೀನಾ ನಗಲಿಲ್ಲ. ಅವಳ ಕಿವಿ ಕೆಂಪಾಗಿತ್ತು.

247ನ್ನು 36ರಿಂದ ಗುಣಿಸಬೇಕು. ಮೊದಲು ಆರರಿಂದ, ಆಮೇಲೆ ಮೂವತ್ತರಿಂದ. ಎರಡನೇ ಸಾಲಿನ ಕೊನೆಗೆ ಸೊನ್ನೆ ಹಾಕುವುದನ್ನು ಮರೆತೆ. 8892 ಬರಬೇಕಾದಲ್ಲಿ 2223 ಬಂತು. ಆ ಹುಡುಗಿಯೇ ಬೆರಳಿಟ್ಟು ತೋರಿಸಿದಳು.

ಏಪ್ರಿಲ್ 29
ಕಲಿಸುವುದು ಸುಲಭ. ಮರೆಸುವುದು ಎಷ್ಟು ಕಷ್ಟ! ಫೀನಾಳ ಕೈ ತಾನಾಗಿ ಚೌಕ ಬರೆಯುತ್ತದೆ. ಅಳಿಸಿ ಅಳಿಸಿ ಹಾಳೆ ತೂತಾಯಿತು.

"ನೀನೇ ಹೇಳ್ಕೊಟ್ಟೆ, ಈಗ ನೀನೇ ಬಿಡು ಅಂತೀಯ!" ಪೆನ್ಸಿಲ್ ಎಸೆದಳು. ಒಲೆಯ ಕೆಳಗೆ ಹೋಯಿತು. ಬಗ್ಗಿ ತೆಗೆಯಲು ಇಬ್ಬರಿಗೂ ತ್ರಾಣವಿರಲಿಲ್ಲ.

ಮೇ 14, ಬುಧವಾರ
"ಪರೀಕ್ಷೆ ಆಯ್ತಾ?"
"ಆಯ್ತು."
"ಹೇಗಿತ್ತು?"
"ಕೇಳ್ಬೇಡ ಅಕ್ಕಾ."
ಚಿಪ್ಸ್ ತಂದೆ. ಅರ್ಧ ತಿಂದು ಮಲಗಿದಳು.

ಜುಲೈ 8
ತೊಂಬತ್ತೆಂಟು.

ಅಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ಓದಿದರು. "ಎರಡು ಕಮ್ಮಿ. ಮಾತು ಅಂದ್ರೆ ಮಾತು ಫೀನಾ." ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟ. ಫೀನಾ ತಲೆಯಾಡಿಸಿದಳು, ದೊಡ್ಡವರ ಹಾಗೆ.

ನಾನು ಅಪ್ಪನ ಎದುರು ಮಾತಾಡಿದವಳಲ್ಲ. ಆದರೂ ಬಾಯಿಂದ ಬಂತು. "ತಪ್ಪು ಹೇಳ್ಕೊಟ್ಟಿದ್ದು ನಾನಪ್ಪಾ. ಅವಳಲ್ಲ. ನಂಗೆ ಗೊತ್ತಿದ್ದಿದ್ದೇ ಅಷ್ಟು. ಹನ್ನೊಂದಕ್ಕೇ ನಿಂತೋಯ್ತು. ಅವಳ್ದೂ ಅಲ್ಲಿಗೇ ನಿಲ್ಬೇಕಾ?"

ಅಮ್ಮ ನಲ್ಲಿ ನಿಲ್ಲಿಸಿದರು. ಅಪ್ಪ ಟೀ ಕಲಕಿದರು. ಸಕ್ಕರೆ ಕರಗಿ ಎಷ್ಟೋ ಹೊತ್ತಾದರೂ ಕಲಕಿದರು.

"ದೊಡ್ಡ ಶಾಲೆ ಬಸ್ಸು ಎಷ್ಟೊತ್ತಿಗಂತೆ?"
"ಏಳೂಮುಕ್ಕಾಲಿಗೆ," ಅಂದಳು ಫೀನಾ, ಕೇಳಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.
"ಇವಳನ್ನ ಎಬ್ಬಿಸೋರ್ಯಾರು? ನಾನಂತೂ ಅಲ್ಲಪ್ಪ." ಅಪ್ಪ ನನ್ನ ಕಡೆ ನೋಡಿದರು.

ಇನ್ನು ಸೆಪ್ಟೆಂಬರಿನಿಂದ ಆರೂವರೆಗೆ ಏಳಬೇಕು. ಆಗಲೇ ಸುಸ್ತು. ದೊಡ್ಡ ಶಾಲೆಯಲ್ಲಿ ಲೆಕ್ಕ ಎಂಥದ್ದೋ, ನನಗೆ ಗೊತ್ತಿಲ್ಲ. ಇನ್ನು ಅವಳೇ ಬಂದು ನನಗೆ ಹೇಳಿಕೊಡಬೇಕು.