ಸೊಸೆ ಕೇಳಿದ ರೀತಿ

ಜೂನ್ ೧೪, ಮಂಗಳವಾರ

ನಮ್ಮ ಶಿಶುವಿಹಾರಕ್ಕೆ ಆಯಾ ಕೆಲಸ ಕೇಳಿಕೊಂಡು ಬಂದವಳ ಬಗ್ಗೆ, ಎಂದಿನಂತೆ ಅವಳ ಬೀದಿಯಲ್ಲಿ ಗುಟ್ಟಾಗಿ ವಿಚಾರಿಸೋಣ ಎಂದಿದ್ದೆ. ಸೊಸೆ ಒಪ್ಪಲಿಲ್ಲ. ಅವಳನ್ನೇ ಎದುರಿಗೆ ಕೂರಿಸಿಕೊಂಡಳು.

"ಮಕ್ಕಳ ಜವಾಬ್ದಾರಿ ನೋಡಿ, ಅದಕ್ಕೇ ಪೊಲೀಸರ ಹತ್ರ, ನೀವು ಮುಂಚೆ ಕೆಲಸಕ್ಕಿದ್ದ ಕಡೆ ವಿಚಾರಿಸ್ತೀವಿ. ಬಂದ ಕಾಗದಾನ ನಾವಿಬ್ಬರು ಬಿಟ್ರೆ ಯಾರಿಗೂ ತೋರಿಸಲ್ಲ. ನೀವು ಒಪ್ಪಿದ್ರೆ ಮಾತ್ರ."

"ಗಂಡನ ವಿಷಯ ಬೇಡ್ವೇನೆ?" ಎಂದು ನಾನು ಬಾಯಿ ಹಾಕಿದೆ.

"ಅತ್ತೆ, ಮಕ್ಕಳನ್ನ ಎತ್ಕೊಳ್ಳೋದು ಇವರು, ಇವರ ಗಂಡ ಅಲ್ಲ."

ಆ ಹೆಂಗಸು ತಲೆಯೆತ್ತಿದಳು. "ಅವರು ಜೈಲಲ್ಲಿದ್ದಾರಮ್ಮ. ಅದನ್ನ ಕೇಳಿಯೇ ಎಲ್ರೂ ವಾಪಸ್ ಕಳಿಸಿದ್ರು. ನೀವು ಬಿಚ್ಚಿ ಮಾತಾಡಿದ್ರಿ, ನಾನೂ ಹೇಳಿಬಿಟ್ಟೆ."

"ಪೊಲೀಸರ ಕಾಗದ ಬಂದ ದಿನವೇ ಕೆಲಸಕ್ಕೆ ಬಾ," ಎಂದು ನಾನೇ ಹೇಳಿದೆ.

ಈ ಮನೆಯಲ್ಲಿ ಇದುವರೆಗೆ ಯಾರೂ ನನ್ನ ಬಾಯಿ ಮುಚ್ಚಿಸಿರಲಿಲ್ಲ. ಇವತ್ತು ಸೊಸೆ ಮುಚ್ಚಿಸಿದಳು, ಹೆಮ್ಮೆಯಿಂದ ಎದೆಯುಬ್ಬಿದೆ. ಅವಳಿಗೆ ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ. ಆದರೂ ಬೆಳಿಗ್ಗೆ ಅವಳು ಕಾಫಿ ಕೊಡುವಾಗ ಒಂದು ಮಾತು ಹೇಳಿಬಿಡಲೇ... ನಿದ್ದೆಗೆ ಕಣ್ಣು ಎಳೆಯುತ್ತಿದೆ.